ಮಣ್ಣಿನ ಗಾಳಿಯ ಜಾತಕ



ಮಂಡ್ಯದ ಈ ಮಣ್ಣಿನ ಪ್ರದರ್ಶನದಲ್ಲಿ ಕಣ್ಣು ಕುಕ್ಕುವಂಥದ್ದು ಬೇಕಾದಷ್ಟಿದೆ. ನಾನು ತೋರಿಸಬೇಕೆಂದಿರುವುದು ಮೂಲೆಯ ಮೇಜಿನ ಮೇಲಿರುವ ಒಂದು ಸಾದಾ ಡಬ್ಬಿ. ಅದನ್ನು ಮಣ್ಣಿನ ಮೇಲೆ ಬೋರಲು ಹಾಕಿ, ಒಳಗೆ ಸೇರಿದ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಸೀಸೆಗೆ ತುಂಬುತ್ತಾರೆ. ಆ ಗಾಳಿಯಲ್ಲಿ ನೈಟ್ರಸ್ ಆಕ್ಸೈಡ್ ಇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಹೆಚ್ಚು ಬಿಸಿಯೇರಿಸುವ ಅನಿಲ ಅದು.

ನಾವು ಎರಚುವ ಯೂರಿಯಾದ ಒಂದು ಸಣ್ಣ ಪಾಲು ಹೀಗೆ ಹಾರಿಹೋಗುತ್ತದೆ. ಗಾಳಿಯಾಡುವ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಯೂರಿಯಾದಿಂದ ಬಂದ ಅಮೋನಿಯಂ ಅನ್ನು ನೈಟ್ರೇಟ್ ಮಾಡುವಾಗ ಈ ಅನಿಲ ಹುಟ್ಟಬಹುದು. ನೀರು ನಿಂತ ಕಡೆ ಬೇರೆ ಜೀವಿಗಳು ಆ ನೈಟ್ರೇಟನ್ನು ಒಡೆಯುವಾಗಲೂ ಹುಟ್ಟಬಹುದು. ಅನಿಲ ಒಂದೇ; ಹುಟ್ಟಿದ ಮನೆ ಯಾವುದು?

ಸುಳಿವು ಸಾರಜನಕದ ಪರಮಾಣುಗಳಲ್ಲೇ ಇದೆ. ಗಾಳಿಯ ಸಾರಜನಕದ 273 ಪರಮಾಣುಗಳಲ್ಲಿ ಒಂದು ತುಸು ಭಾರದ್ದು, ಸಾರಜನಕ-15. (ಅದೇ ಅಂಕಿ ಮತ್ತೆ ಬಂದದ್ದು ಬರೀ ಕಾಕತಾಳೀಯ.) ನೈಟ್ರಸ್ ಆಕ್ಸೈಡಿನಲ್ಲಿ ಸಾರಜನಕದ ಎರಡು ಪರಮಾಣುಗಳು: ಒಂದು ನಡುವೆ, ಇನ್ನೊಂದು ತುದಿಗೆ. ಮೊದಲ ದಾರಿಯಲ್ಲಿ ಹುಟ್ಟಿದ್ದಾದರೆ ಭಾರದ ಸಾರಜನಕದ ಪ್ರಮಾಣ ತುದಿಗಿಂತ ನಡುವೆ ಸಾವಿರಕ್ಕೆ ಸುಮಾರು 33ರಷ್ಟು ಹೆಚ್ಚಿರುತ್ತದೆ. ಎರಡನೆಯದರಲ್ಲಿ, ಕೆಲಸ ಬ್ಯಾಕ್ಟೀರಿಯಾಗಳದ್ದಾದರೆ, ಆ ವ್ಯತ್ಯಾಸ ಸೊನ್ನೆಯ ಆಸುಪಾಸು. ಜಪಾನಿನ ತೊಯೊಡ ಮತ್ತು ಯೊಶಿದ ಇದನ್ನು ಅಳೆಯುವ ವಿಧಾನವನ್ನು 1999ರಲ್ಲಿ ಪ್ರಕಟಿಸಿದರು. ಜಾತಕ ಪಕ್ಕಾ ಎಂದು ಮಾತ್ರ ತಿಳಿಯಬೇಡಿ. ನೈಟ್ರೇಟ್ ಒಡೆಯುವ ಶಿಲೀಂಧ್ರಗಳೂ ಮೊದಲ ದಾರಿಯಷ್ಟೇ ದೊಡ್ಡ ಅಂಕಿ ತೋರಿಸಿ ಲೆಕ್ಕ ಕೆಡಿಸುತ್ತವೆ. ಆಮ್ಲಜನಕದ ಹಗುರ-ಭಾರದ ಪರಮಾಣುಗಳನ್ನೂ (ಐಸೊಟೋಪುಗಳನ್ನೂ) ಮಣ್ಣಿನ ತೇವವನ್ನೂ ಜೊತೆಗಿಟ್ಟು ಓದಬೇಕು.

ಇಷ್ಟು ತಲೆನೋವು ಯಾಕೆ ಅಂತೀರಾ? 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯ. ಬೇವು ನೇರವಾಗಿ ತಡೆಯುವುದು ಮೊದಲ ದಾರಿಯನ್ನು. ನಿಮ್ಮ ಕಬ್ಬಿನ ತೋಟದಲ್ಲಿ ಅನಿಲ ಏಳುತ್ತಿರುವುದು ನಿಂತ ನೀರಿನಿಂದಾದರೆ ಮೊದಲು ಬಸಿಗಾಲುವೆ ಸರಿಪಡಿಸಬೇಕು. ಬತ್ತದ ಗದ್ದೆಯ ಕಥೆ ಇನ್ನೂ ತೊಡಕಿನದು: ಮೀಥೇನ್ ತಗ್ಗಲೆಂದು ನೀರು ಕಟ್ಟಿ ಬಿಟ್ಟು ಮಾಡಿದರೆ ನೈಟ್ರಸ್ ಆಕ್ಸೈಡ್ ಏರಬಹುದು. ಎಲ್ಲ ಹೊಲಕ್ಕೂ ಒಂದೇ ಸಲಹೆಯ ಚೀಟಿ ಹಂಚುವವರನ್ನು, ನಮ್ಮ ಇಲಾಖೆಯವರನ್ನೂ ಸೇರಿಸಿ, ಇನ್ನು ಮುಂದೆ ನೀವು ತಡೆದು ಕೇಳಬೇಕು: ನಮ್ಮ ಹೊಲದಲ್ಲಿ ಅಳೆದು ನೋಡಿದ್ದೀರಾ ಸ್ವಾಮಿ?

ಪ್ರದರ್ಶನ ಉದ್ಘಾಟನೆಯಾಗಿದೆ. ಡಬ್ಬಿಯ ಪಕ್ಕ ವಿದ್ಯಾರ್ಥಿಗಳು ನಿಂತಿದ್ದಾರೆ, ಅವರಿಂದಲೇ ಶುರುಮಾಡಿ.