ಹೋಟೆಲಿನ ಒಲೆಗೆ ಹಡಗಿನಲ್ಲಿ ಬರುವ ಗ್ಯಾಸು

(ಸಂಘದ ವಾಚನಾಲಯದಲ್ಲಿ ಭಾನುವಾರ ಸಂಜೆ ಹೋಟೆಲು ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಫಲಕದಲ್ಲಿ ಓದಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಇಡ್ಲಿ ಪಾತ್ರೆಯ ಮುಂದೆ ನಿಲ್ಲುವ ನಮಗೆ ಹಡಗಿನ ವ್ಯಾಪಾರ ಏತಕ್ಕೆ ಎಂದು ಕೇಳುವವರೂ ಇದ್ದಾರೆ. ಆದರೆ ಪಗಾರ ಹೆಚ್ಚಿಸಿರಿ ಎಂದು ನಾವು ಕೇಳಲು ಹೋದಾಗ ಮಾಲೀಕರ ಬಾಯಿಂದ ಮೊದಲು ಬರುವ ಮಾತು ಯಾವುದು? “ಗ್ಯಾಸಿನ ಬಿಲ್ಲು ನೋಡಿದ್ದೀರಾ?” ಎಂಬುದೇ ಅಲ್ಲವೇ? ಆ ಬಿಲ್ಲನ್ನು ನಮಗೆ ಯಾರೂ ತೋರಿಸುವುದಿಲ್ಲ. ತೋರಿಸಿದರೂ ಆ ಅಂಕಿ ಎಲ್ಲಿಂದ ಬಂತು ಎಂದು ತಿಳಿಯದಿದ್ದರೆ ತಲೆ ತಗ್ಗಿಸಿ ಹಿಂದಕ್ಕೆ ಬರಬೇಕಾಗುತ್ತದೆ. ಆದಕಾರಣ ಇಂದು ಆ ಬಿಲ್ಲು ಹುಟ್ಟುವ ಜಾಗಕ್ಕೆ, ಎಂದರೆ ಸಮುದ್ರಕ್ಕೆ, ನಿಮ್ಮನ್ನು ಕರೆದುಕೊಂಡು ಹೋಗುತ್ತೇವೆ.

ಮೊದಲು ಒಂದು ಗೊಂದಲ ಬಗೆಹರಿಯಲಿ. ಸಿಲಿಂಡರಿನಲ್ಲಿ ಬರುವುದು ಒಂದು ಗ್ಯಾಸು, ಕೊಳವೆಯಲ್ಲಿ ಬರುವುದು ಇನ್ನೊಂದು. ಸಿಲಿಂಡರಿನದು ಎಲ್‌ಪಿಜಿ. ಅದರಲ್ಲಿರುವುದು ಪ್ರೊಪೇನು, ಬ್ಯುಟೇನು. ಸ್ವಲ್ಪ ಒತ್ತಡ ಕೊಟ್ಟರೆ ಸಾಕು, ನೀರಾಗುತ್ತದೆ. ಕೊಳವೆಯದು ನೈಸರ್ಗಿಕ ಅನಿಲ, ಬಹುಪಾಲು ಮೀಥೇನು. ನಮ್ಮ ದೇಶಕ್ಕೆ ಬೇಕಾದ ನೈಸರ್ಗಿಕ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಹೊರದೇಶದಿಂದ ಬರುತ್ತದೆ. ದೇಶದೊಳಗೆ ಸಿಗುವ ಅಗ್ಗದ ಅನಿಲದಲ್ಲಿ ಮನೆಯ ಒಲೆಗಳಿಗೂ ಸಿಎನ್‌ಜಿ ವಾಹನಗಳಿಗೂ ಮೊದಲ ಪಂಕ್ತಿ. ಹೋಟೆಲು, ಕಾರ್ಖಾನೆಗಳಿಗೆ ಸಲ್ಲುವುದು ಬಹುಮಟ್ಟಿಗೆ ಹೊರಗಿನದು. ಹೀಗಾಗಿ ಹಡಗಿನ ದರ ಏರಿದರೆ ಅದರ ಬಿಸಿ ಮನೆಗಿಂತ ಮೊದಲು ಹೋಟೆಲಿಗೆ ತಾಗುತ್ತದೆ.

ಗಾಳಿಯಂತಿರುವ ವಸ್ತುವನ್ನು ಹಡಗಿನಲ್ಲಿ ತುಂಬುವುದು ಹೇಗೆ? ಮೀಥೇನನ್ನು ಸೊನ್ನೆಯ ಕೆಳಗೆ 162 ಡಿಗ್ರಿಯವರೆಗೆ ತಣ್ಣಗಾಗಿಸಿದರೆ ಅದು ನೀರಿನಂತಾಗುತ್ತದೆ. ಆಗ ಅದು ಹಿಡಿಯುವ ಜಾಗ ಆರುನೂರರಲ್ಲಿ ಒಂದು ಪಾಲು. ಆರುನೂರು ಕೊಡದ ಗಾಳಿ ಒಂದು ಕೊಡಕ್ಕೆ ಇಳಿಯಿತು ಎಂದುಕೊಳ್ಳಿ. ಇದಕ್ಕೇ ಎಲ್‌ಎನ್‌ಜಿ ಎನ್ನುತ್ತಾರೆ. 1959ರಲ್ಲಿ ‘ಮೀಥೇನ್ ಪಯೋನಿಯರ್’ ಎಂಬ ಹಡಗು ಅಮೆರಿಕದ ಲೂಯಿಸಿಯಾನಾದಿಂದ ಇಂಗ್ಲೆಂಡಿನ ಕ್ಯಾನ್ವಿ ದ್ವೀಪಕ್ಕೆ ಇದನ್ನು ಮೊದಲು ಒಯ್ದಿತು. ಅದು ಯುದ್ಧಕಾಲದ ಹಳೆಯ ಸರಕು ಹಡಗನ್ನು ರಿಪೇರಿ ಮಾಡಿ ಸಿದ್ಧಗೊಳಿಸಿದ್ದು. 1964ರಲ್ಲಿ ಅಲ್ಜೀರಿಯಾದಿಂದ ಇಂಗ್ಲೆಂಡಿಗೆ ನಿಯಮಿತ ವ್ಯಾಪಾರ ಪ್ರಾರಂಭವಾಯಿತು. ನಮ್ಮ ದೇಶಕ್ಕೆ ಮೊದಲ ಸರಕು ಬಂದದ್ದು 2004ರ ಜನವರಿಯಲ್ಲಿ, ಗುಜರಾತಿನ ದಹೇಜಿಗೆ, ಕತಾರಿನಿಂದ, ‘ದಿಶಾ’ ಎಂಬ ಹಡಗಿನಲ್ಲಿ.

ಆ ‘ದಿಶಾ’ದ ಹೊಟ್ಟೆ 1,38,000 ಘನ ಮೀಟರು. ತೂಕದಲ್ಲಿ ಅರುವತ್ತು ಸಾವಿರ ಟನ್ನಿಗೆ ಮೇಲ್ಪಟ್ಟು. ಈಗ ಕಟ್ಟುವ ಹಡಗುಗಳು ಸಾಮಾನ್ಯವಾಗಿ 1,74,000 ಘನ ಮೀಟರಿನವು. ಕತಾರಿನ ಅತಿ ದೊಡ್ಡವು 2,66,000ದವು. ಅಷ್ಟು ಚಳಿಗೆ ಸಾಧಾರಣ ಉಕ್ಕು ಗಾಜಿನಂತೆ ಬಿರಿಯುತ್ತದೆ. ಆದ್ದರಿಂದ ಒಳಗಿನ ತೊಟ್ಟಿಗೆ ಅಲ್ಯುಮಿನಿಯಂ ಅಥವಾ ನಿಕಲ್ ಬೆರೆತ ಉಕ್ಕು ಬೇಕು. ಸರಕು ತುಂಬುವಾಗ ಕೊಳವೆ ಕೂಡುವ ಕಡೆ ಹಡಗಿನ ಮೈಮೇಲೆ ನೀರನ್ನು ಪರದೆಯಂತೆ ಹರಿಯಬಿಟ್ಟಿರುತ್ತಾರೆ. ಒಂದಿಷ್ಟು ದ್ರವ ಸೋರಿದರೂ ಉಕ್ಕಿಗೆ ತಾಗಬಾರದು ಎಂದು ಈ ಎಚ್ಚರಿಕೆ. ಈ ಕೆಲಸಕ್ಕೆ ಬೇರೆಯೇ ತರಬೇತಿ, ಬೇರೆಯೇ ಪ್ರಮಾಣಪತ್ರ ಬೇಕು. ಎಣ್ಣೆ ಹಡಗಿನಲ್ಲಿ ದುಡಿದವನು ನೇರವಾಗಿ ಇಲ್ಲಿಗೆ ಬಂದು ನಿಲ್ಲುವಂತಿಲ್ಲ.

ಇನ್ನು ದಾರಿಯ ಮಾತು. ಎಷ್ಟು ದಪ್ಪ ಹೊದಿಕೆ ಹಾಕಿದರೂ ಹೊರಗಿನ ಶಾಖ ಒಳಗೆ ನುಸುಳುತ್ತದೆ. ಸರಕು ತಾನೇ ಸ್ವಲ್ಪ ಸ್ವಲ್ಪ ಕುದಿದು ಆವಿಯಾಗುತ್ತದೆ. ‘ದಿಶಾ’ದ ಕಾಲದ ಹಡಗುಗಳಲ್ಲಿ ದಿನಕ್ಕೆ ನೂರಕ್ಕೆ 0.15ರಷ್ಟು. ಕೇಳಲು ಚಿಕ್ಕ ಅಂಕಿ. ಲೆಕ್ಕ ಹಾಕಿದರೆ ದಿನಕ್ಕೆ 200 ಘನ ಮೀಟರಿಗೂ ಹೆಚ್ಚು ದ್ರವ. ಅದನ್ನು ವ್ಯರ್ಥ ಬಿಡುವುದಿಲ್ಲ. ಅದನ್ನೇ ಉರಿಸಿ ಹಡಗು ಮುಂದೆ ಸಾಗುತ್ತದೆ. ತಲೆಯ ಮೇಲಿನ ಬುತ್ತಿಯನ್ನೇ ಉಣ್ಣುತ್ತ ನಡೆಯುವ ದಾರಿಗನಂತೆ.

ಕತಾರಿನಿಂದ ದಹೇಜಿಗೆ ಮೂರು ನಾಲ್ಕು ದಿನದ ಹಾದಿ. ಅಮೆರಿಕದಿಂದಾದರೆ ವಾರಗಟ್ಟಲೆ. ದಾರಿ ಬೆಳೆದಷ್ಟೂ ಬುತ್ತಿ ಕರಗುತ್ತದೆ, ಬಾಡಿಗೆ ಏರುತ್ತದೆ.

ಸರಕು ಇಳಿಸಿದ ಮೇಲೂ ತೊಟ್ಟಿಯನ್ನು ಪೂರ್ತಿ ಬರಿದು ಮಾಡುವುದಿಲ್ಲ. ತಳದಲ್ಲಿ ಸ್ವಲ್ಪ ಉಳಿಸುತ್ತಾರೆ. ನಾವು ಮೊಸರಿನ ಪಾತ್ರೆಯಲ್ಲಿ ನಾಳೆಯ ಹೆಪ್ಪಿಗೆಂದು ಒಂದು ಸೌಟು ಉಳಿಸುತ್ತೇವಲ್ಲ, ಹಾಗೆ. ಆ ತಳದ ಸರಕು ತೊಟ್ಟಿಯನ್ನು ತಂಪಾಗಿ ಇಟ್ಟಿರುತ್ತದೆ. ಬರಿದಾಗಿ ಬಿಸಿಯೇರಿದರೆ ಮತ್ತೆ ತಂಪು ಮಾಡಿದ ಮೇಲೆಯೇ ತುಂಬಬೇಕು. ಅದಕ್ಕೆ ಸಮಯವೂ ಹಣವೂ ಹೋಗುತ್ತದೆ.

ಬಂಧುಗಳೇ, ಇದು ಕೆಲಸದ ಕಡೆ. ಈಗ ವ್ಯಾಪಾರದ ಕಡೆಗೆ ಬನ್ನಿ. ನಮ್ಮ ಹೋಟೆಲಿಗೆ ಹಾಲು ಎರಡು ರೀತಿಯಲ್ಲಿ ಬರುವುದುಂಟು. ಒಂದು, ಹಾಲಿನವನೇ ಬಾಗಿಲಿಗೆ ತಂದು ಅಳೆಯುತ್ತಾನೆ. ಎರಡು, ನಮ್ಮ ಹುಡುಗನನ್ನು ಕಳುಹಿಸಿ ತರಿಸುತ್ತೇವೆ. ಮೊದಲನೆಯದರಲ್ಲಿ ದಾರಿಯಲ್ಲಿ ಚೆಲ್ಲಿದರೆ ನಷ್ಟ ಹಾಲಿನವನದು, ಎರಡನೆಯದರಲ್ಲಿ ನಮ್ಮದು. ಗ್ಯಾಸಿನ ಕರಾರುಗಳಲ್ಲಿಯೂ ಇವೇ ಎರಡು ಬಗೆ. ಮಾರುವವನ ಬಂದರಿನಲ್ಲಿ ಕೊಳ್ಳುವುದು ಎಫ್‌ಒಬಿ. ಕೊಳ್ಳುವವನ ಬಂದರಿಗೆ ತಂದು ಒಪ್ಪಿಸುವುದು ಡಿಇಎಸ್. ಹಡಗು ಯಾರದು, ದಾರಿಯಲ್ಲಿ ಆವಿಯಾದದ್ದು ಯಾರ ಲೆಕ್ಕ, ಬಿರುಗಾಳಿಗೆ ತಡವಾದರೆ ದಂಡ ಯಾರಿಗೆ ಎಂಬುದೆಲ್ಲ ಇದರ ಮೇಲೆ ನಿಂತಿದೆ.

ಇನ್ನೊಂದು ನಿಯಮ ಖಾನಾವಳಿಯ ತಿಂಗಳ ಊಟದ ಹಾಗೆ. ಉಂಡರೂ ಹಣ, ಉಣ್ಣದಿದ್ದರೂ ಹಣ. ಅನಿಲವನ್ನು ದ್ರವ ಮಾಡುವ ಕಾರ್ಖಾನೆಗೂ ಹಡಗಿಗೂ ಸಾವಿರಾರು ಕೋಟಿ ಹೂಡಬೇಕು. ಇಪ್ಪತ್ತು ಇಪ್ಪತ್ತೈದು ವರ್ಷ ಕೊಳ್ಳುವವನೊಬ್ಬ ಗಟ್ಟಿಯಾಗಿ ಸಿಕ್ಕದೆ ಸಾಲ ಕೊಡುವವರಿಲ್ಲ. ಅದಕ್ಕಾಗಿ ‘ಒಯ್ಯಿ, ಇಲ್ಲವೇ ಹಣ ಕೊಡು’ ಎಂಬ ಕರಾರು. ನಮ್ಮ ಪೆಟ್ರೋನೆಟ್ ಕಂಪನಿ 1999ರಲ್ಲಿ ಕತಾರಿನ ರಾಸ್‌ಗ್ಯಾಸ್ ಕಂಪನಿಯೊಡನೆ ವರ್ಷಕ್ಕೆ 75 ಲಕ್ಷ ಟನ್ನಿನಂತೆ 25 ವರ್ಷಕ್ಕೆ ಸಹಿ ಮಾಡಿತು. ‘ದಿಶಾ’ದಂಥ ಹಡಗಿಗೆ ಅದು ವರ್ಷಕ್ಕೆ ನೂರಿಪ್ಪತ್ತು ಸುತ್ತು. ಮೂರು ದಿನಕ್ಕೊಂದು ಹಡಗು ಎಂದಾಯಿತು.

ಈ ಕರಾರು ಕಲ್ಲಿನ ಮೇಲೆ ಕೊರೆದದ್ದೇ? ಅಲ್ಲ. ಇದನ್ನು ಚೆನ್ನಾಗಿ ನೆನಪಿಡಿ. ಕರಾರಿನ ದರ ಕಚ್ಚಾ ಎಣ್ಣೆಯ ಐದು ವರ್ಷದ ಸರಾಸರಿಗೆ ಗಂಟು ಹಾಕಿಕೊಂಡಿತ್ತು. 2014ರ ಕೊನೆಯಲ್ಲಿ ಎಣ್ಣೆ ಕುಸಿಯಿತು. ಐದು ವರ್ಷದ ಸರಾಸರಿ ಮಾತ್ರ ಕೆಳಗಿಳಿಯಲಿಲ್ಲ. ಪೇಟೆಯಲ್ಲಿ ಅಗ್ಗದ ಗ್ಯಾಸು ಸಿಗುತ್ತಿರುವಾಗ ನಾವು ದುಬಾರಿ ಗ್ಯಾಸು ಒಯ್ಯಬೇಕಾಗಿತ್ತು. 2015ರಲ್ಲಿ ಪೆಟ್ರೋನೆಟ್ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ಒಯ್ದಿತು. ದಂಡ ಹನ್ನೆರಡು ಸಾವಿರ ಕೋಟಿ ರೂಪಾಯಿಯಷ್ಟಾಗುವುದಿತ್ತು. ಆದರೆ ಆ ಡಿಸೆಂಬರಿನಲ್ಲಿ ಎರಡೂ ಕಡೆಯವರು ಕುಳಿತು ಮಾತಾಡಿದರು. ಐದು ವರ್ಷದ ಸರಾಸರಿ ಹೋಗಿ ಮೂರು ತಿಂಗಳ ಸರಾಸರಿ ಬಂತು, ದರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು, ದಂಡವೂ ಹೋಯಿತು. ಕೊಳ್ಳುವವನು ದೊಡ್ಡ ಗಿರಾಕಿ, ಲೆಕ್ಕ ಬಲ್ಲವನು, ಒಗ್ಗಟ್ಟಾಗಿ ಕುಳಿತವನು. ಹಾಗಾಗಿ ಸಹಿ ಮಾಡಿದ ಕಾಗದವೂ ಬದಲಾಯಿತು. ಕೋಟಿಗಟ್ಟಲೆಯ ಕರಾರು ಮಾತುಕತೆಯಿಂದ ಬದಲಾಗುವುದಾದರೆ ನಮ್ಮ ಪಗಾರದ ಕರಾರು ಬದಲಾಗದೇ?

ಕರಾರಿನ ಹೊರಗೆ ಅಂದಂದಿನ ಪೇಟೆಯೂ ಇದೆ. ಅಲ್ಲಿ ಏರಿಳಿತಕ್ಕೆ ಮಿತಿಯಿಲ್ಲ. ಎಂಎಂಬಿಟಿಯು ಎಂಬ ಶಾಖದ ಅಳತೆಯ ಮೇಲೆ ಈ ಗ್ಯಾಸನ್ನು ಮಾರುತ್ತಾರೆ. 2020ರ ಬೇಸಿಗೆಯಲ್ಲಿ ಏಷ್ಯಾದ ಪೇಟೆಯಲ್ಲಿ ಅದರ ದರ ಎರಡು ಡಾಲರಿನ ಆಸುಪಾಸಿಗೆ ಇಳಿದಿತ್ತು. 2022ರಲ್ಲಿ, ಉಕ್ರೇನಿನ ಯುದ್ಧ ಆರಂಭವಾದ ಮೇಲೆ, ಎಪ್ಪತ್ತು ಡಾಲರನ್ನೂ ದಾಟಿತು. ರಷ್ಯದ ಕೊಳವೆ ಗ್ಯಾಸು ಕಡಿಮೆಯಾದ ಯುರೋಪು ಹೆಚ್ಚು ಹಣ ಕೊಟ್ಟು ಹಡಗುಗಳನ್ನು ತನ್ನತ್ತ ತಿರುಗಿಸಿಕೊಂಡಿತು. ಆ ಅಕ್ಟೋಬರಿನಲ್ಲಿ ಒಂದು ಹಡಗಿನ ದಿನದ ಬಾಡಿಗೆಯೇ ನಾಲ್ಕು ಲಕ್ಷ ಡಾಲರು ಮೀರಿತ್ತು. ಅದೇ ವರ್ಷ ಜುಲೈಯಲ್ಲಿ ಪಾಕಿಸ್ತಾನ ಹತ್ತು ಹಡಗು ಸರಕಿಗೆ ಟೆಂಡರು ಕರೆದರೆ ಕೊಡುತ್ತೇವೆ ಎಂದು ಒಬ್ಬರೂ ಮುಂದೆ ಬರಲಿಲ್ಲ. ಶ್ರೀಮಂತನ ಮನೆಯ ಚಳಿ ಕಾಯಿಸಲು ಬಡವನ ದೀಪ ಆರಿತು. ಪೇಟೆಯ ನ್ಯಾಯ ಇಷ್ಟೇ.

ನಮ್ಮ ನಾಡಿಗೂ ಈ ಸಮುದ್ರದ ದಾರಿ ಮುಟ್ಟಿದೆ. ರತ್ನಾಗಿರಿ ಜಿಲ್ಲೆಯ ದಾಭೋಳದಲ್ಲಿ 2013ರಲ್ಲಿ ಹಡಗಿನ ಗ್ಯಾಸು ಇಳಿಸಲು ಪ್ರಾರಂಭಿಸಿದರು. ಅಲ್ಲಿಂದ ಹೊರಟ ಕೊಳವೆ ಬೆಳಗಾವಿ, ಧಾರವಾಡಗಳನ್ನು ಹಾದು ಬೆಂಗಳೂರಿಗೆ ಹೋಗುತ್ತದೆ. ಅಲೆ ತಡೆಯುವ ಗೋಡೆ ಪೂರ್ತಿಯಾಗಿರಲಿಲ್ಲವಾಗಿ ಬಹಳ ವರ್ಷ ಮಳೆಗಾಲದಲ್ಲಿ ಅಲ್ಲಿಗೆ ಹಡಗು ಬರುವಂತಿರಲಿಲ್ಲ. ಲೂಯಿಸಿಯಾನಾದ ಸಬೈನ್ ಪಾಸ್‌ನಿಂದ ಗೇಲ್ ಕಂಪನಿಯ ಮೊದಲ ಸರಕು 2018ರ ಮಾರ್ಚಿಯಲ್ಲಿ ಇಳಿದದ್ದೂ ಅಲ್ಲಿಯೇ.

ಹಡಗಿನ ಮೇಲೆ ದುಡಿಯುವ ನಮ್ಮ ಬಂಧುಗಳ ಮಾತನ್ನೂ ಹೇಳಬೇಕು. ಕರಾವಳಿಯ ನಮ್ಮವರು ಎಷ್ಟೋ ತಲೆಮಾರಿನಿಂದ ಹಡಗು ಹತ್ತಿದವರು. ಕತಾರಿನ ಹಳೆಯ ಕರಾರು ಎಫ್‌ಒಬಿ. ಹಡಗು ತರುವ ಹೊಣೆ ನಮ್ಮ ಕಡೆಯದು. ಅದಕ್ಕಾಗಿ ‘ದಿಶಾ’, ‘ರಾಹಿ’, ‘ಅಸೀಮ್’ ಎಂಬ ಹಡಗುಗಳನ್ನು ದೀರ್ಘ ಬಾಡಿಗೆಗೆ ಹಿಡಿದರು. ಜಪಾನಿನ ಕಂಪನಿಗಳ ಜೊತೆ ನಮ್ಮ ಸರಕಾರದ ಶಿಪ್ಪಿಂಗ್ ಕಾರ್ಪೊರೇಶನ್ ಇದರಲ್ಲಿ ಪಾಲುದಾರ. ಈ ಕಷ್ಟದ ಕೆಲಸವನ್ನು ನಮ್ಮ ದೇಶದ ನಾವಿಕರು ಕಲಿತದ್ದು ಹೀಗೆ. 2024ರ ಫೆಬ್ರುವರಿಯಲ್ಲಿ ಕರಾರು ನವೀಕರಣವಾಯಿತು; ಮತ್ತೆ ವರ್ಷಕ್ಕೆ 75 ಲಕ್ಷ ಟನ್ನು, 2028ರಿಂದ 2048ರವರೆಗೆ. ಆದರೆ ಈ ಸಲ ಡಿಇಎಸ್. ಹಾಲಿನವನೇ ಬಾಗಿಲಿಗೆ ತರುತ್ತಾನೆ. ಕೊಳ್ಳುವವನಿಗೆ ದಾರಿಯ ಚಿಂತೆ ತಪ್ಪಿತು, ಅದು ಲಾಭವೇ. ಆದರೆ ಹಾಲು ತರಲು ಹೋಗುತ್ತಿದ್ದ ಹುಡುಗನ ಗತಿ? ಕರಾರಿನ ಒಂದು ಪದ ಬದಲಾದರೆ ಹಡಗನ್ನು ಆರಿಸುವ ಅಧಿಕಾರ ಬೇರೆ ಕೈಗೆ ಹೋಗುತ್ತದೆ; ಹಡಗಿನ ಜೊತೆ ದುಡಿಮೆಯೂ ಹೋಗಬಹುದು. ನಾವಿಕರ ಸಂಘಗಳು ಈ ಪ್ರಶ್ನೆಯನ್ನು 2028 ಬರುವುದಕ್ಕೆ ಮುಂಚೆ ಕೇಳಬೇಕು. ನಾವು ಅವರ ಜೊತೆ ನಿಲ್ಲಬೇಕು.

ಈಗ ನಮ್ಮ ಅಡಿಗೆಮನೆಗೆ ಮರಳೋಣ. ಈ ಸರಪಣಿಯಲ್ಲಿ ಪ್ರತಿಯೊಬ್ಬನೂ ತನ್ನ ಭಯವನ್ನು ಕರಾರಿನಲ್ಲಿ ಬರೆದು ಭದ್ರಪಡಿಸಿಕೊಂಡಿದ್ದಾನೆ. ಮಾರುವವನಿಗೆ ಹಣದ ಭರವಸೆ, ಹಡಗಿನವನಿಗೆ ಬಾಡಿಗೆಯ ಭರವಸೆ, ಕಂಪನಿಗೆ ದರ ಏರಿಸುವ ಹಕ್ಕು, ಮಾಲೀಕನಿಗೆ ದೋಸೆಯ ಬೆಲೆ ಏರಿಸುವ ದಾರಿ. ಭರವಸೆಯಿಲ್ಲದವನು ಕೊನೆಯಲ್ಲಿ ನಿಂತ ನಾವು ಮಾತ್ರ. ಗ್ಯಾಸು ಏರಿದ ವರ್ಷ ನಮ್ಮ ಪಗಾರ ನಿಲ್ಲುತ್ತದೆ. ಗ್ಯಾಸು ಇಳಿದ ವರ್ಷ ಆ ಉಳಿತಾಯ ಗಲ್ಲೆಯಲ್ಲೇ ನಿಲ್ಲುತ್ತದೆ.

ಆದ್ದರಿಂದ ನಮ್ಮ ಅರಿಕೆ ಇಷ್ಟು. ಪಗಾರದ ಮಾತುಕತೆಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಹನ್ನೆರಡು ತಿಂಗಳ ಗ್ಯಾಸಿನ ಬಿಲ್ಲನ್ನು ಮೇಜಿನ ಮೇಲೆ ಇಡಿಸಿ. ತಿಂಗಳು ತಿಂಗಳಿಗೆ ಎಷ್ಟು ಗ್ಯಾಸು ಉರಿಯಿತು, ದರ ಎಷ್ಟಿತ್ತು ಎಂದು ಬರೆದುಕೊಳ್ಳಿ. ಏರಿದ್ದು ದರವೋ, ವ್ಯಾಪಾರ ಹೆಚ್ಚಿ ಉರಿದ ಗ್ಯಾಸೋ ನೋಡಿ. ಎರಡನೆಯದಾದರೆ ಅದು ನಷ್ಟವಲ್ಲ, ನಮ್ಮ ದುಡಿಮೆಯ ಗುರುತು. ದರವೇ ಏರಿದ್ದರೆ ತಿಂಡಿಯ ಬೆಲೆ ಎಷ್ಟು ಏರಿತೆಂದು ಪಕ್ಕದಲ್ಲಿ ಬರೆಯಿರಿ. ಗ್ಯಾಸು ಇಳಿದಾಗ ನಮ್ಮ ಪಾಲೆಷ್ಟು ಎಂಬ ಮಾತನ್ನು ಕರಾರಿನಲ್ಲಿಯೇ ಸೇರಿಸಿರೆಂದು ಕೇಳಿ. ಓದು ಬಾರದ ಬಂಧುಗಳಿಗೆ ಬಿಲ್ಲನ್ನು ಓದಿ ಹೇಳಲು ಪ್ರತಿ ಭಾನುವಾರ ಸಂಜೆ ಇದೇ ವಾಚನಾಲಯದಲ್ಲಿ ನಾವು ಇರುತ್ತೇವೆ.