ಬೆಸುಗೆಯ ಕಡ್ಡಿ ಮತ್ತು ವಿದ್ಯುತ್ ಪ್ರವಾಹದ ಆಯ್ಕೆ: ಸದಸ್ಯರು ಗಮನಿಸಬೇಕಾದ ಅಂಶಗಳು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನೀರಿನ ತೊಟ್ಟಿಯ ಏಣಿ, ಶಾಲೆಯ ಮೆಟ್ಟಿಲಿನ ಕಂಬಿ, ಚರಂಡಿಯ ಜಾಲರಿ ಇವೆಲ್ಲವೂ ತಮ್ಮ ಅನುಮೋದನೆಯಿಂದ ನಡೆಯುವ ಬೆಸುಗೆಯ ಕಾಮಗಾರಿಗಳು. ಬಣ್ಣ ಬಳಿದ ಮೇಲೆ ಒಳ್ಳೆಯ ಬೆಸುಗೆಗೂ ಕೆಟ್ಟದ್ದಕ್ಕೂ ಭೇದ ಕಾಣದು. ಒಂದು ಊರಿನಲ್ಲಿ ನೀರುಗಂಟಿಯ ಕಾಲಡಿಯಲ್ಲೇ ಏಣಿಯ ಮೆಟ್ಟಿಲು ಕಳಚಿದ್ದನ್ನು ನಾನು ಕಂಡಿದ್ದೇನೆ. ಕೈಹಿಡಿತ ಬಿಡದ ಕಾರಣ ಆತ ಉಳಿದನು. ಕಳಚಿದ ಕಡೆ ಬೆಸುಗೆಯ ಲೋಹವು ಕಬ್ಬಿಣದ ಮೇಲೆ ಮೇಣದಂತೆ ಕುಳಿತಿತ್ತೇ ಹೊರತು ಒಳಗೆ ಬೆರೆತಿರಲಿಲ್ಲ. ಪ್ರವಾಹ ಸಾಲದಾಗಿದ್ದುದರ ಗುರುತು ಅದು.

ಮೊದಲನೆಯದು ಕಡ್ಡಿಯ, ಅಂದರೆ ಎಲೆಕ್ಟ್ರೋಡಿನ ಆಯ್ಕೆ. ಗೇಟು, ಕಿಟಕಿ, ಜಾಲರಿಗಳಂತಹ ಸಾಮಾನ್ಯ ಕೆಲಸಕ್ಕೆ ಇ6013 ಸಾಕು. ಸಣ್ಣ ಎಸಿ ಯಂತ್ರದಲ್ಲಿಯೂ ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ದಪ್ಪ ಉಕ್ಕು, ಭಾರ ಹೊರುವ ಅಥವಾ ಅದುರುವ ಭಾಗಗಳಿಗೆ ಕಡಿಮೆ ಹೈಡ್ರೋಜನ್ ಗುಣದ ಇ7018 ಸೂಕ್ತ. ಆದರೆ ಅದು ತೇವ ಹೀರಿದರೆ ಬೆಸುಗೆ ಬಿರುಕು ಬಿಡಬಹುದು. ಬಿಸಿಲಿನಲ್ಲಿ ಒಣಗಿಸಿದರೆ ಸಾಲದು. ತಯಾರಕರು ಸೂಚಿಸಿದಂತೆ ಸುಮಾರು 300ರಿಂದ 350 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಒಣಗಿಸಬೇಕು.

ಎರಡನೆಯದು ಪ್ರವಾಹ. ಕಡ್ಡಿಯ ವ್ಯಾಸದ ಪ್ರತಿ ಮಿ.ಮೀ.ಗೆ ಸುಮಾರು 40 ಆಂಪಿಯರ್ ಎಂಬುದು ಸ್ಥೂಲ ಲೆಕ್ಕ. ಇ6013ಕ್ಕೆ ಸಾಮಾನ್ಯ ಮಿತಿಗಳು ಹೀಗಿವೆ:

2.5 ಮಿ.ಮೀ. ಕಡ್ಡಿ: 60–90 ಆಂಪಿಯರ್
3.15 ಮಿ.ಮೀ. ಕಡ್ಡಿ: 90–130 ಆಂಪಿಯರ್
4 ಮಿ.ಮೀ. ಕಡ್ಡಿ: 140–180 ಆಂಪಿಯರ್

ಕಡ್ಡಿಯ ಪೊಟ್ಟಣದ ಮೇಲೆ ಮುದ್ರಿಸಿರುವ ಮಿತಿಯೇ ಅಂತಿಮ. ತೆಳು ಕೊಳವೆಗೆ 2.5, ಐದಾರು ಮಿ.ಮೀ. ದಪ್ಪದ ಆ್ಯಂಗಲ್‌ಗೆ 3.15 ಮಿ.ಮೀ. ಕಡ್ಡಿ ಹೊಂದುತ್ತದೆ. ನಿಂತ ಸಂದನ್ನು ಕೆಳಗಿನಿಂದ ಮೇಲಕ್ಕೆ ಬೆಸೆಯುವಾಗ ಪ್ರವಾಹವನ್ನು ಶೇ. 10ರಿಂದ 15ರಷ್ಟು ತಗ್ಗಿಸುವುದು ರೂಢಿ. ಊರಿನ ವೋಲ್ಟೇಜ್ ಕುಸಿದಾಗ, ಅಥವಾ ತಂತಿ ಬಹಳ ಉದ್ದವಾದಾಗ, ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರದ ಮುಳ್ಳು 110 ತೋರಿಸುತ್ತಿದ್ದರೂ ಕಡ್ಡಿಯ ತುದಿಗೆ ಅಷ್ಟು ತಲುಪುವುದಿಲ್ಲ. ಆದ್ದರಿಂದ ಮುಳ್ಳನ್ನು ಮಾತ್ರ ನಂಬದೆ ಬೆಸುಗೆಯನ್ನೇ ನೋಡಬೇಕು.

ಪ್ರವಾಹ ಕಡಿಮೆಯಾದರೆ ಕಡ್ಡಿ ಪದೇ ಪದೇ ಅಂಟುತ್ತದೆ. ಬೆಸುಗೆ ಹಗ್ಗದಂತೆ ಉಬ್ಬುತ್ತದೆ. ಹೆಚ್ಚಾದರೆ ಕಡ್ಡಿ ಕೆಂಪಗೆ ಕಾಯುತ್ತದೆ, ಕಿಡಿಹನಿಗಳು ಸಿಡಿಯುತ್ತವೆ, ಅಂಚಿನಲ್ಲಿ ಗೀರು ಬೀಳುತ್ತದೆ. ಸರಿಯಿದ್ದರೆ ಅಲೆಗಳು ಸಮನಾಗಿ ಮೂಡಿ ಕಿಟ್ಟವು ಸುಲಭವಾಗಿ ಏಳುತ್ತದೆ.

ಸತು ಲೇಪಿತ ಕೊಳವೆಯಾದರೆ ಬೆಸೆಯುವ ಜಾಗದ ಲೇಪವನ್ನು ಮೊದಲು ಉಜ್ಜಿ ತೆಗೆಯಬೇಕು. ಆ ಹೊಗೆ ಕೆಲಸಗಾರನಿಗೆ ಜ್ವರ ತರುತ್ತದೆ.

ಸದಸ್ಯರೇ, ಅಳತೆ ಪುಸ್ತಕದಲ್ಲಿ ಉದ್ದ, ತೂಕಗಳು ದಾಖಲಾಗುತ್ತವೆ. ಬೆಸುಗೆ ಒಳಗೆ ಬೆರೆತಿದೆಯೇ ಎಂಬುದು ದಾಖಲಾಗುವುದಿಲ್ಲ. ಆದಕಾರಣ ಕಾಮಗಾರಿ ಆದೇಶದಲ್ಲಿಯೇ ಕಡ್ಡಿಯ ವರ್ಗ ಮತ್ತು ವ್ಯಾಸವನ್ನು ಬರೆಸಿರಿ. ಕಿರಿಯ ಅಭಿಯಂತರರೊಡನೆ ಬಣ್ಣಕ್ಕೆ ಮುನ್ನವೇ ಸ್ಥಳ ಪರಿಶೀಲಿಸಿರಿ. ಏಣಿಯನ್ನು ಹತ್ತುವವನು ತಮ್ಮ ಸಹಿಯನ್ನು ನಂಬಿ ಹತ್ತುತ್ತಾನೆ.