ಸಂಚಕಾರ ಕೊಟ್ಟ ಮೇಲೆ

ಮನೆ ನೋಡಿ, ಬೆಲೆ ಒಪ್ಪಿ, ಸಂಚಕಾರ ಕೊಟ್ಟ ಭಕ್ತರೊಬ್ಬರು ನೋಂದಣಿಯ ದಿನ ನೋಟಿನ ಗಂಟು ಹಿಡಿದು ಬಂದು, "ಮಾಳಿಗೆ ಸೋರುತ್ತದೆ, ಐವತ್ತು ಸಾವಿರ ಬಿಡಿ, ತೂಗುಮಂಚವನ್ನೂ ಇಲ್ಲಿಯೇ ಬಿಡಿ" ಎಂದರಂತೆ. ಮಾರುವ ತಾಯಿ ಮಗಳ ಲಗ್ನಕ್ಕೆ ದಿನ ಗೊತ್ತುಮಾಡಿದ್ದು ಅವರಿಗೆ ತಿಳಿದಿತ್ತು. ಇದು ವ್ಯವಹಾರವಲ್ಲ, ಪರರ ಸಂಕಟದ ಮೇಲೆ ಹಾಕಿದ ಬಡ್ಡಿ. ವ್ಯಾಜ್ಯ ಮಠಕ್ಕೆ ಬಂದಾಗ ನಾವು ಆ ತಾಯಿಯನ್ನೂ ಕೇಳಿದೆವು: "ಸೋರುವುದನ್ನು ಮೊದಲೇ ಹೇಳಿದ್ದಿರಾ, ತಾಯಿ?" ಅವರು ತಲೆ ತಗ್ಗಿಸಿದರು. ಕೊಳ್ಳುವವರ ಕಣ್ಣಿಗೆ ಬೀಳದ ದೊಡ್ಡ ದೋಷವನ್ನು ತಿಳಿದಿದ್ದೂ ಮುಚ್ಚಿಡಬಾರದೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಹೇಳುತ್ತದೆ. ಮಾಳಿಗೆ ರಿಪೇರಿಗೆ ತಗಲುವಷ್ಟನ್ನು ತಾಯಿ ಬಿಡಲಿ, ಮಂಚದ ಆಸೆಯನ್ನು ಅವರು ಬಿಡಲಿ ಎಂದೆವು. ನೋಟಿನ ಗಂಟೂ ಬೇಡ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯುವುದು 2015ರಿಂದ ನಿಷಿದ್ಧ. ಇಬ್ಬರೂ ವಿಭೂತಿ ಧರಿಸಿ ಬ್ಯಾಂಕಿಗೆ ನಡೆದರು.